ಕಚೇರಿ ಹಾಸ್ಯ ಧಾರಾವಾಹಿಗಳ ಕೊನೆಗಾಲ: ಪಾತ್ರಗಳ ಗತಿ, ವೀಕ್ಷಕರ ತಕರಾರು

ಕಚೇರಿ, ಆಸ್ಪತ್ರೆ, ಅಂಗಡಿ, ಪೊಲೀಸ್ ಠಾಣೆ ಮೊದಲಾದ ದುಡಿಮೆಯ ಸ್ಥಳವನ್ನೇ ರಂಗವಾಗಿಸಿಕೊಂಡು, ಅಲ್ಲಿ ದಿನವೂ ಎದುರಾಗುವ ಅದೇ ಹತ್ತಾರು ಮುಖಗಳ ಸುತ್ತ ನಗೆಯನ್ನು ಹೆಣೆಯುವ ಕಿರುತೆರೆ ಪ್ರಕಾರಕ್ಕೆ ಕಚೇರಿ ಹಾಸ್ಯ ಧಾರಾವಾಹಿ ಎಂದು ಹೆಸರು. ಇಂತಹ ಧಾರಾವಾಹಿ ಆರಂಭವಾದಾಗ ವೀಕ್ಷಕರು ನಗೆಗಾಗಿ ನೋಡುತ್ತಾರೆ. ಕೆಲವು ವರ್ಷ ಕಳೆದ ಮೇಲೆ ಪಾತ್ರಗಳಿಗಾಗಿ ನೋಡುತ್ತಾರೆ. ಆದ್ದರಿಂದಲೇ ಕೊನೆಯ ಕಂತುಗಳಲ್ಲಿ ಪಾತ್ರವೊಂದು ದಾರಿ ಬದಲಿಸಿದರೆ, ಸ್ವಭಾವ ತಿರುಗಿದರೆ ಅಥವಾ ಊರು ಬಿಟ್ಟು ಹೋದರೆ ಅಭಿಮಾನಿಗಳ ನಡುವೆ ಚರ್ಚೆ ಏಳುತ್ತದೆ. ಪಾತ್ರ ಯಾರದ್ದು, ಬರೆದವರದ್ದೋ ನೋಡಿದವರದ್ದೋ ಎಂಬುದು ಈ ಚರ್ಚೆಯ ಮೂಲದಲ್ಲಿರುವ ಪ್ರಶ್ನೆ.

ಕನ್ನಡದ ಹಿನ್ನೆಲೆ

ಕಚೇರಿಯನ್ನು ಗೇಲಿ ಮಾಡುವ ಪರಂಪರೆ ಕನ್ನಡಕ್ಕೆ ಟಿವಿಯಿಂದ ಬಂದದ್ದಲ್ಲ. ಮಾಸ್ಟರ್ ಹಿರಣ್ಣಯ್ಯ (1934–2019) ಅವರ 'ಲಂಚಾವತಾರ' ನಾಟಕ ಸರ್ಕಾರಿ ವ್ಯವಸ್ಥೆಯ ಲಂಚಗುಳಿತನವನ್ನು ದಶಕಗಳ ಕಾಲ ರಂಗದ ಮೇಲೆ ಲೇವಡಿ ಮಾಡಿತು. ಅಂದಂದಿನ ಸುದ್ದಿಯನ್ನು ಸಂಭಾಷಣೆಯೊಳಗೆ ಸೇರಿಸುತ್ತ, ಪ್ರೇಕ್ಷಕರ ಪ್ರತಿಕ್ರಿಯೆ ನೋಡಿಕೊಂಡು ಮಾತನ್ನು ಹಿಗ್ಗಿಸುತ್ತ ಕುಗ್ಗಿಸುತ್ತ ನಾಟಕವನ್ನು ಬೆಳೆಸುವುದು ಹಿರಣ್ಣಯ್ಯನವರ ರೀತಿಯಾಗಿತ್ತು. ಅಲ್ಲಿ ಪ್ರೇಕ್ಷಕನ ತಕರಾರು ಆ ಕ್ಷಣವೇ ರಂಗಕ್ಕೆ ಮುಟ್ಟುತ್ತಿತ್ತು. ಟಿವಿಯಲ್ಲಿ ಅದು ಸಾಧ್ಯವಿರಲಿಲ್ಲ.

ಕಿರುತೆರೆಯಲ್ಲಿ ದೂರದರ್ಶನದ ಕಾಲದ 'ಕ್ರೇಜಿ ಕರ್ನಲ್' ರಮೇಶ್ ಭಟ್ ಅವರನ್ನು ಮನೆಮಾತಾಗಿಸಿತು. 2000ದ ಡಿಸೆಂಬರ್‌ನಲ್ಲಿ ಆರಂಭವಾದ ಈಟಿವಿ ಕನ್ನಡ ವಾಹಿನಿ ಹಾಸ್ಯಕ್ಕೆ ನಿಯತ ಜಾಗ ನೀಡಿದ ನಂತರ ಈ ಪ್ರಕಾರ ಬೇರೂರಿತು. ಸಿಹಿಕಹಿ ಚಂದ್ರು ಅವರ 'ಪಾಪ ಪಾಂಡು'ವಿನಲ್ಲಿ ಚಿದಾನಂದ್ ಮತ್ತು ಶಾಲಿನಿ ಗಂಡ ಹೆಂಡಿರಾಗಿ ನಟಿಸಿದರು. ಅದು ಮನೆಯೊಳಗಿನ ಹಾಸ್ಯ. ದುಡಿಮೆಯ ಸ್ಥಳಕ್ಕೆ ಹತ್ತಿರವಾದದ್ದು ವಿಜಯಪ್ರಸಾದ್ ನಿರ್ದೇಶನದ 'ಸಿಲ್ಲಿ ಲಲ್ಲಿ'. ರವಿಶಂಕರ್ ಗೌಡ ಅವರು ನಿರ್ವಹಿಸಿದ ಡಾಕ್ಟರ್ ವಿಠ್ಠಲರಾವ್, ಮಂಜುಭಾಷಿಣಿ ಅವರ ಸಮಾಜಸೇವಕಿ ಲಲಿತಾಂಬ ಇಂದಿಗೂ ಆ ಪಾತ್ರಗಳ ಹೆಸರಿನಿಂದಲೇ ಗುರುತಿಸಲ್ಪಡುತ್ತಾರೆ. ವೈದ್ಯನ ವೃತ್ತಿ ಮತ್ತು ಅವನ ಮನೆ ಎರಡೂ ಒಂದರೊಳಗೊಂದು ಬೆರೆತ ಕಾರಣ ರೋಗಿ, ನೆಂಟ, ನೆರೆಯವ ಎಲ್ಲರೂ ಒಂದೇ ಬಾಗಿಲಿನಿಂದ ಕಥೆಯೊಳಗೆ ಬರಲು ಅನುಕೂಲವಾಯಿತು. ವಿಜಯಪ್ರಸಾದ್ ಮುಂದೆ ಚಿತ್ರರಂಗಕ್ಕೆ ಬಂದು 'ಸಿದ್ಲಿಂಗು' (2012), 'ನೀರ್ ದೋಸೆ' (2016) ಚಿತ್ರಗಳನ್ನು ನಿರ್ದೇಶಿಸಿದರು.

ಹಿಂದಿಯಲ್ಲಿ 2001ರಲ್ಲಿ ಸಬ್ ಟಿವಿಯಲ್ಲಿ ಬಂದ 'ಆಫೀಸ್ ಆಫೀಸ್' ಈ ಪ್ರಕಾರದ ಇನ್ನೊಂದು ಮಾದರಿ. ಪಂಕಜ್ ಕಪೂರ್ ಅವರ ಮುಸದ್ದಿಲಾಲ್ ಪ್ರತಿ ಕಂತಿನಲ್ಲಿ ಬೇರೊಂದು ಇಲಾಖೆಯ ಬಾಗಿಲು ತಟ್ಟುತ್ತಾನೆ. ಒಳಗೆ ಕುಳಿತಿರುವ ಗುಮಾಸ್ತರು ಮಾತ್ರ ಅವರೇ. ಪಾತ್ರಗಳು ಬೆಳೆಯುವುದಿಲ್ಲ, ಬದಲಾಗುವುದೂ ಇಲ್ಲ. ಬದಲಾಗದಿರುವುದೇ ಅದರ ವ್ಯಂಗ್ಯ. ಹಾಗಾಗಿ ಕೊನೆಗಾಲದ ಪಾತ್ರಚರ್ಚೆಗೆ ಅಲ್ಲಿ ಆಸ್ಪದ ಕಡಿಮೆ.

ಹೆಚ್ಚು ಚರ್ಚೆಗೊಳಗಾದ ಉದಾಹರಣೆ

ಕೊನೆಗಾಲದ ಕಥೆಯ ಬಗ್ಗೆ ಅಭಿಮಾನಿಗಳು ಅತಿ ಹೆಚ್ಚು ವಾದಿಸಿದ ಧಾರಾವಾಹಿಗಳಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿಯ 'ದಿ ಆಫೀಸ್' ಪ್ರಮುಖವಾದದ್ದು. ಇದರ ಮೂಲ ಬ್ರಿಟನ್ನಿನದು. ರಿಕಿ ಜರ್ವೇಸ್ ಮತ್ತು ಸ್ಟೀಫನ್ ಮರ್ಚೆಂಟ್ ರೂಪಿಸಿದ ಮೂಲ ಧಾರಾವಾಹಿ 2001ರಲ್ಲಿ ಬಿಬಿಸಿಯಲ್ಲಿ ಆರಂಭವಾಗಿ, 2003ರ ಕ್ರಿಸ್‌ಮಸ್ ವಿಶೇಷ ಕಂತುಗಳೊಂದಿಗೆ ಮುಗಿಯಿತು. ಒಟ್ಟು ಕಂತುಗಳು 14. ಕಥೆ ಬೇಸರ ತರಿಸುವ ಮುನ್ನವೇ ಅಂಗಡಿ ಮುಚ್ಚಿದ್ದರಿಂದ ಅದಕ್ಕೆ ಕೊನೆಗಾಲದ ದಣಿವೇ ಬರಲಿಲ್ಲ.

ಅಮೆರಿಕದ ಅವತರಣಿಕೆ 2005ರ ಮಾರ್ಚ್ 24ರಿಂದ 2013ರ ಮೇ 16ರವರೆಗೆ 9 ಸರಣಿಗಳಲ್ಲಿ 201 ಕಂತುಗಳಷ್ಟು ಸಾಗಿತು. ಸ್ಕ್ರ್ಯಾಂಟನ್ ಎಂಬ ನಡುಗಾತ್ರದ ಊರಿನ ಕಾಗದ ಮಾರಾಟ ಕಂಪನಿಯ ಶಾಖೆಯೇ ಅದರ ರಂಗ. ಅದರ ಕೊನೆಯ ಸರಣಿಗಳ ಬಗ್ಗೆ ನಡೆದ ವಾದಗಳನ್ನು ಮುಖ್ಯವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ನಾಯಕನ ನಿರ್ಗಮನ. ಶಾಖಾ ವ್ಯವಸ್ಥಾಪಕ ಮೈಕಲ್ ಸ್ಕಾಟ್ ಪಾತ್ರದ ಸ್ಟೀವ್ ಕರೆಲ್ 2011ರ ಏಪ್ರಿಲ್‌ನಲ್ಲಿ ಧಾರಾವಾಹಿ ಬಿಟ್ಟರು. ಪಾತ್ರ ತಾನು ಮೆಚ್ಚಿದವಳೊಂದಿಗೆ ಬೇರೆ ರಾಜ್ಯಕ್ಕೆ ಹೋಗುತ್ತದೆ. ಅಲ್ಲಿಗೇ ಕಥೆ ನಿಲ್ಲಬೇಕಿತ್ತು ಎನ್ನುವವರು ಒಂದೆಡೆ, ಕಚೇರಿ ಎಂದರೆ ಒಬ್ಬನೇ ಅಲ್ಲ, ಉಳಿದವರ ಕಥೆಯೂ ಮುಗಿಯಬೇಕು ಎನ್ನುವವರು ಇನ್ನೊಂದೆಡೆ ನಿಂತರು. 8ನೇ ಸರಣಿಯಲ್ಲಿ ಜೇಮ್ಸ್ ಸ್ಪೇಡರ್ ಅವರ ರಾಬರ್ಟ್ ಕ್ಯಾಲಿಫೋರ್ನಿಯಾ ಎಂಬ ನಿಗೂಢ ಅಧಿಕಾರಿ ಬಂದರೂ ಖಾಲಿಯಾದ ಜಾಗ ತುಂಬಲಿಲ್ಲ ಎಂಬ ಅಭಿಪ್ರಾಯವೇ ಹೆಚ್ಚು ಕೇಳಿಬಂತು.

ಎರಡನೆಯದು ಸ್ವಭಾವದ ತಿರುವು. ಮೈಕಲ್ ನಂತರ ವ್ಯವಸ್ಥಾಪಕನಾದ ಆ್ಯಂಡಿ ಬರ್ನಾರ್ಡ್, 8ನೇ ಸರಣಿಯಲ್ಲಿ ಸಹೋದ್ಯೋಗಿಗಳ ಹಿತ ಬಯಸುವ ಮೆದು ಮನಸ್ಸಿನವನಾಗಿದ್ದ. 9ನೇ ಸರಣಿಯಲ್ಲಿ ಅವನು ದೋಣಿ ಹತ್ತಿ ಮೂರು ತಿಂಗಳು ಕಚೇರಿಯನ್ನೂ ಪ್ರೇಯಸಿಯನ್ನೂ ಮರೆಯುತ್ತಾನೆ, ಮರಳಿ ಬಂದು ಹಗೆ ಸಾಧಿಸುತ್ತಾನೆ. ನಟ ಎಡ್ ಹೆಲ್ಮ್ಸ್ ಆ ವೇಳೆ ಚಲನಚಿತ್ರವೊಂದರ ಚಿತ್ರೀಕರಣಕ್ಕೆ ತೆರಳಬೇಕಾಗಿದ್ದುದು ಈ ಗೈರುಹಾಜರಿಗೆ ಕಾರಣ. ನಟನ ರಜೆಯನ್ನು ಪಾತ್ರದ ದೋಷವಾಗಿ ಬರೆದದ್ದು ಅನ್ಯಾಯ ಎಂಬುದು ಅಭಿಮಾನಿಗಳ ದೂರು. ಆ್ಯಂಡಿ ಮೊದಲಿನಿಂದಲೂ ಹೊಗಳಿಕೆಗೆ ಹಾತೊರೆಯುವವನೇ, ಅಧಿಕಾರ ಸಿಕ್ಕಾಗ ಅದು ಹೊರಬಂತು ಎಂಬುದು ಇನ್ನೊಂದು ಪಕ್ಷದ ಸಮರ್ಥನೆ.

ಮೂರನೆಯದು ದಾಂಪತ್ಯದ ಬಿರುಕು. ವರ್ಷಗಳ ಕಾಲ ವೀಕ್ಷಕರು ಒಂದಾಗಲೆಂದು ಹಾರೈಸಿದ ಜಿಮ್ ಮತ್ತು ಪ್ಯಾಮ್ ಜೋಡಿಯ ನಡುವೆ ಕೊನೆಯ ಸರಣಿಯಲ್ಲಿ ಉದ್ಯೋಗದ ಕಾರಣಕ್ಕೆ ಮನಸ್ತಾಪ ಬರುತ್ತದೆ. ಜಿಮ್ ಹೆಂಡತಿಗೆ ಹೇಳದೆಯೇ ದೊಡ್ಡ ನಗರ ಫಿಲಡೆಲ್ಫಿಯಾದ ಹೊಸ ಕಂಪನಿಗೆ ಕೈಹಾಕುತ್ತಾನೆ. ಮನೆ, ಮಕ್ಕಳು, ಹಳೆಯ ಕೆಲಸ ಎಲ್ಲದರ ಹೊರೆ ಪ್ಯಾಮ್ ಮೇಲೆ ಬೀಳುತ್ತದೆ. ಇದರ ಜೊತೆಗೆ ಸಾಕ್ಷ್ಯಚಿತ್ರ ತಂಡದ ಧ್ವನಿಗ್ರಾಹಕ ಬ್ರಯಾನ್ ಎಂಬವನು ಪ್ಯಾಮ್‌ಗೆ ಸಾಂತ್ವನ ಹೇಳುವ ಎಳೆ ಬಂದಾಗ ವಿರೋಧ ವ್ಯಕ್ತವಾಯಿತು. ಆ ಎಳೆ ಬಹುಬೇಗ ಕಥೆಯಿಂದ ಮರೆಯಾಯಿತು. ದಂಪತಿ ಕೊನೆಗೆ ಒಟ್ಟಿಗೆ ಊರು ಬಿಟ್ಟು ಹೊಸ ಬದುಕಿಗೆ ಹೊರಡುತ್ತಾರೆ.

ಈ ಮೂರನೆಯ ವಾದ ಕರ್ನಾಟಕದ ಓದುಗರಿಗೆ ಅಪರಿಚಿತವೇನಲ್ಲ. ಸಣ್ಣ ಊರಿನ ಖಾತ್ರಿಯ ನೌಕರಿಯೋ ದೊಡ್ಡ ನಗರದ ಅವಕಾಶವೋ, ಒಬ್ಬರು ಹೊರಟರೆ ಮನೆಯ ಭಾರ ಯಾರ ಹೆಗಲಿಗೆ ಎಂಬ ಪ್ರಶ್ನೆ ಬೆಂಗಳೂರು, ಪುಣೆ, ಹೈದರಾಬಾದ್ ಕಡೆ ಮುಖ ಮಾಡಿದ ಕುಟುಂಬಗಳಿಗೆ ಚಿರಪರಿಚಿತ. ದುಡಿಮೆಗಾಗಿ ಗುಳೆ ಹೋಗುವುದು ವಾಡಿಕೆಯಾಗಿರುವ ಯಾದಗಿರಿಯಂತಹ ಜಿಲ್ಲೆಗಳಲ್ಲಂತೂ ಅದು ಹಾಸ್ಯದ ವಸ್ತುವೇ ಅಲ್ಲ. ಜಿಮ್‌ನ ಪರ ನಿಂತವರೂ ಪ್ಯಾಮ್‌ಳ ಪರ ನಿಂತವರೂ ಇಷ್ಟು ಗಟ್ಟಿಯಾಗಿ ವಾದಿಸಿದ್ದಕ್ಕೆ ಇದೇ ಕಾರಣವಿರಬೇಕು.

ತೆರೆಯ ಹಿಂದಿನ ಒತ್ತಡಗಳು

ಕೊನೆಗಾಲದಲ್ಲಿ ಕಥೆ ದಾರಿ ತಪ್ಪಿದಂತೆ ಕಾಣಲು ಬರಹಗಾರರ ಆಯಾಸವೊಂದೇ ಕಾರಣವಲ್ಲ. ಕಲಾವಿದರ ಒಪ್ಪಂದ ಮುಗಿಯುತ್ತದೆ. ಜನಪ್ರಿಯರಾದವರಿಗೆ ಚಿತ್ರರಂಗದ ಕರೆ ಬರುತ್ತದೆ. ವಾಹಿನಿಗೆ ಪಾತ್ರವೊಂದರಿಂದ ಹೊಸ ಧಾರಾವಾಹಿ ಹುಟ್ಟಿಸುವ ಆಸೆ ಮೂಡುತ್ತದೆ. 'ದಿ ಆಫೀಸ್'ನ ಡ್ವೈಟ್ ಪಾತ್ರವನ್ನಿಟ್ಟುಕೊಂಡು 'ದಿ ಫಾರ್ಮ್' ಎಂಬ ಪ್ರತ್ಯೇಕ ಧಾರಾವಾಹಿಗೆ ಯತ್ನ ನಡೆದು, ವಾಹಿನಿ ಕೈಬಿಟ್ಟ ನಂತರ ಅದಕ್ಕಾಗಿ ಚಿತ್ರೀಕರಿಸಿದ ಭಾಗವನ್ನು 2013ರಲ್ಲಿ ಮೂಲ ಧಾರಾವಾಹಿಯ ಕಂತಾಗಿಯೇ ಪ್ರಸಾರ ಮಾಡಲಾಯಿತು.

ಕನ್ನಡದ ದೈನಿಕ ಧಾರಾವಾಹಿಗಳಲ್ಲಿ ಇನ್ನೊಂದು ಉಪಾಯ ಬಳಕೆಯಲ್ಲಿದೆ. ನಟ ಅಥವಾ ನಟಿ ಹೊರಹೋದರೆ ಪಾತ್ರವನ್ನು ಕೊಲ್ಲುವ ಬದಲು ಇನ್ನು ಮುಂದೆ ಈ ಪಾತ್ರವನ್ನು ಬೇರೊಬ್ಬರು ನಿರ್ವಹಿಸುತ್ತಾರೆ ಎಂಬ ಪ್ರಕಟಣೆ ನೀಡಿ ಕಥೆ ಮುಂದುವರಿಸಲಾಗುತ್ತದೆ. ಗಂಭೀರ ಕಥೆಯಲ್ಲಿ ವೀಕ್ಷಕರು ಕೆಲವೇ ದಿನಗಳಲ್ಲಿ ಹೊಂದಿಕೊಳ್ಳುವುದುಂಟು. ಹಾಸ್ಯದಲ್ಲಿ ಅದು ಕಷ್ಟ. ಅಲ್ಲಿ ನಗು ಹುಟ್ಟುವುದು ಮಾತಿಗಿಂತ ಮಾತಾಡುವ ಧಾಟಿಯಿಂದ. ಧಾಟಿ ಹೋದರೆ ಪಾತ್ರವೂ ಹೋದಂತೆಯೇ.

ಯಾರ ಮಾತು ಲೆಕ್ಕಕ್ಕೆ?

ಅಭಿಮಾನಿಗಳ ಅಭಿಪ್ರಾಯ ವಾಹಿನಿಗೆ ತಲುಪುವ ಮುಖ್ಯ ದಾರಿ ವೀಕ್ಷಣಾ ಅಂಕಿಅಂಶ. 'ಸಿಲ್ಲಿ ಲಲ್ಲಿ', 'ಪಾಪ ಪಾಂಡು' ಪ್ರಸಾರವಾಗುತ್ತಿದ್ದ ದಿನಗಳಲ್ಲಿ ಟ್ಯಾಮ್ ಸಂಸ್ಥೆಯ ಮಾಪಕಗಳು ಮುಖ್ಯವಾಗಿ ಲಕ್ಷಕ್ಕೂ ಮೀರಿದ ಜನಸಂಖ್ಯೆಯ ನಗರಗಳಲ್ಲಿದ್ದವು. 2011ರ ಜನಗಣತಿಯಲ್ಲೂ ಯಾದಗಿರಿ ಪಟ್ಟಣದ ಜನಸಂಖ್ಯೆ 75 ಸಾವಿರದ ಆಸುಪಾಸಿನಲ್ಲಿತ್ತು. ವಿಶ್ವಾರಾಧ್ಯರ ಮಠದಿಂದ ಹೆಸರಾದ ಸಮೀಪದ ಅಬ್ಬೆತುಮಕೂರಿನಂತಹ ಗ್ರಾಮಗಳ ಮಾತಂತೂ ದೂರವೇ ಉಳಿಯಿತು. ಅಲ್ಲಿನ ಜಗುಲಿಯಲ್ಲಿ ಡಾಕ್ಟರ್ ವಿಠ್ಠಲರಾವ್‌ಗೆ ಎಷ್ಟು ನಕ್ಕರೂ ಆ ನಗು ಯಾವ ಪಟ್ಟಿಯಲ್ಲೂ ದಾಖಲಾಗುವಂತಿರಲಿಲ್ಲ. ಬಾರ್ಕ್ ಸಂಸ್ಥೆ 2015ರಲ್ಲಿ ಅಂಕಿಅಂಶ ನೀಡಲು ಆರಂಭಿಸಿ, ಅದೇ ವರ್ಷದ ಅಕ್ಟೋಬರ್‌ನಲ್ಲಿ ಗ್ರಾಮೀಣ ವೀಕ್ಷಕರನ್ನೂ ಸೇರಿಸಿಕೊಂಡ ನಂತರವೇ ಹಳ್ಳಿಯ ವೀಕ್ಷಣೆಗೆ ಲೆಕ್ಕ ದೊರೆಯಿತು. ಅಷ್ಟರಲ್ಲಿ ಈಟಿವಿ ಕನ್ನಡವೇ ಕಲರ್ಸ್ ಕನ್ನಡ ಎಂದು ಹೆಸರು ಬದಲಿಸಿಕೊಂಡಿತ್ತು.

ಭಾಷೆಯ ಪ್ರಶ್ನೆಯೂ ಇದರೊಂದಿಗೆ ಸೇರಿಕೊಂಡಿದೆ. ಬೆಂಗಳೂರು, ಮೈಸೂರು ಕಡೆಯ ಮಾತೇ ಕಿರುತೆರೆಯ ಸಹಜ ಕನ್ನಡವೆನಿಸಿ, ಕಲ್ಯಾಣ ಕರ್ನಾಟಕದ ಮಾತು ಬಹುಪಾಲು ನಗಿಸಲೆಂದೇ ಬರುವ ಉಪಪಾತ್ರಗಳ ಪಾಲಾಗಿದೆ ಎಂಬ ಅಸಮಾಧಾನ ಈ ಭಾಗದಲ್ಲಿ ಹಳೆಯದು. ಹತ್ತು ಕಂತು ನಕ್ಕು ನಗಿಸಿ ಮರೆಯಾಗುವ ಪಾತ್ರಕ್ಕೆ ಕೊನೆಗಾಲದ ಕಥೆಯೇ ಇರುವುದಿಲ್ಲ. ಅದರ ಗತಿಯೇನಾಯಿತೆಂದು ಕೇಳುವವರೂ ಇರುವುದಿಲ್ಲ.

ಕನ್ನಡದಲ್ಲಿ ಅಂಕಿಅಂಶದ ಆಚೆಗೆ ವೀಕ್ಷಕರ ಮಾತು ಕೇಳುವ ಯತ್ನಗಳೂ ನಡೆದಿವೆ. ಟಿ.ಎನ್. ಸೀತಾರಾಮ್ ಅವರ 'ಮುಕ್ತ ಮುಕ್ತ' ಹಾಸ್ಯ ಧಾರಾವಾಹಿಯಲ್ಲದಿದ್ದರೂ, ಅದರ ತಂಡ ವೀಕ್ಷಕರೊಡನೆ ಸಂವಾದ ಸಭೆಗಳನ್ನು ನಡೆಸಿತ್ತು. ಪಾತ್ರಗಳ ನಡೆಯನ್ನು ಜನ ನೇರವಾಗಿ ಪ್ರಶ್ನಿಸುವ ಅವಕಾಶ ಅಲ್ಲಿತ್ತು. ಅವರದೇ 'ಮಗಳು ಜಾನಕಿ' 2020ರ ಲಾಕ್‌ಡೌನ್ ಸಮಯದಲ್ಲಿ ಕಥೆ ಪೂರ್ಣಗೊಳ್ಳುವ ಮುನ್ನವೇ ನಿಂತಾಗ ವೀಕ್ಷಕರು ಬೇಸರ ವ್ಯಕ್ತಪಡಿಸಿದರು. ಕೆಟ್ಟ ಕೊನೆಗಿಂತ ಕೊನೆಯೇ ಇಲ್ಲದಿರುವುದು ವೀಕ್ಷಕರನ್ನು ಹೆಚ್ಚು ಕಾಡುತ್ತದೆ ಎಂಬುದಕ್ಕೆ ಅದು ನಿದರ್ಶನ.

ಮರಳಿ ಬರುವ ಪಾತ್ರಗಳು

ಮುಗಿದ ಧಾರಾವಾಹಿಗಳನ್ನು ಮತ್ತೆ ತೆರೆಯುವುದು ಇತ್ತೀಚಿನ ಬೆಳವಣಿಗೆ. 'ಪಾಪ ಪಾಂಡು' 2018ರಲ್ಲಿ ಕಲರ್ಸ್ ಸೂಪರ್ ವಾಹಿನಿಯಲ್ಲಿ ಮರಳಿತು. 'ಆಫೀಸ್ ಆಫೀಸ್'ನ ಮುಸದ್ದಿಲಾಲ್ 2011ರಲ್ಲಿ ಚಲನಚಿತ್ರವಾಗಿ ಬಂದ. 'ದಿ ಆಫೀಸ್'ನ ಹಿಂದಿ ಅವತರಣಿಕೆ 2019ರಲ್ಲಿ ಹಾಟ್‌ಸ್ಟಾರ್‌ನಲ್ಲಿ ಬಿಡುಗಡೆಯಾಯಿತು. ಅಮೆರಿಕದ ಮೂಲ ತಂಡದ ಗ್ರೆಗ್ ಡೇನಿಯಲ್ಸ್ 2025ರ ಸೆಪ್ಟೆಂಬರ್‌ನಲ್ಲಿ 'ದಿ ಪೇಪರ್' ಎಂಬ ಹೊಸ ಧಾರಾವಾಹಿಯನ್ನು ಪೀಕಾಕ್ ವೇದಿಕೆಗೆ ತಂದರು. ಅದೇ ಸಾಕ್ಷ್ಯಚಿತ್ರ ತಂಡ ಈ ಸಲ ನಷ್ಟದಲ್ಲಿರುವ ಊರ ಪತ್ರಿಕೆಯೊಂದರ ಕಚೇರಿಗೆ ಕ್ಯಾಮೆರಾ ಹಿಡಿದು ಬರುತ್ತದೆ. ಹಳೆಯ ಪಾತ್ರಗಳ ಪೈಕಿ ಲೆಕ್ಕಿಗ ಆಸ್ಕರ್ ಮಾರ್ಟಿನೆಜ್ ಇಲ್ಲಿಯೂ ಇದ್ದಾನೆ. ಹೊಸ ಊರಿನಲ್ಲಿ ಹೊಸ ನೌಕರಿ ಹಿಡಿದರೂ ಅದೇ ಕ್ಯಾಮೆರಾ ತನ್ನ ಬೆನ್ನು ಬಿಡದಿರುವುದೇ ಅವನ ದೂರು.