ಹಳೀ ಕಂಪ್ಯೂಟರಿನ್ಯಾಗ ಸ್ಕೈಪ್ ಮಾತಾಡಿದ ಕಥಿ

ನಮ್ಮ ನಾಲ್ಕು ತಾಲೂಕಿಗೆ ನಾಲ್ಕು ನಂಬರ್ ಇದ್ದವು, ನೆನಪೈತಿಲ್ಲ? ಕೊಪ್ಪಳಕ್ಕ 08539, ಗಂಗಾವತಿಗೆ 08533, ಕುಷ್ಟಗಿಗೆ 08536, ಯಲಬುರ್ಗಾಕ್ಕ 08534. ಎಸ್‌ಟಿಡಿ ಬೂತಿನ್ಯಾಗ ನೀವು ಒತ್ತಿದ ಮೊದಲ ಐದು ಅಂಕಿ ನೋಡಿದ್ರ ಸಾಕು, ನಿಮ್ಮ ತವರುಮನಿ ಯಾವ ಕಡೆ ಅಂತ ಹಿಂದ ನಿಂತಾಕಿಗೆ ತಿಳೀತಿತ್ತು. ರಾತ್ರಿ ಹನ್ನೊಂದರ ಮ್ಯಾಲ ಕಾಲು ದರ ಅಂತ ಮಕ್ಕಳನ್ನ ಮಲಗಿಸಿ ಬಂದು ಸಾಲು ಹಚ್ಚತಿದ್ರು. ಗಾಜಿನ ಡಬ್ಬಿಯೊಳಗ ನಿಂತು, ಕೆಂಪು ಅಂಕಿ ಓಡೂದನ್ನ ನೋಡ್ಕೋತ ಮಾತಾಡಬೇಕು. ಆರಾಮಿದ್ದೀ? ಮಳಿ ಆತಾ? ಇಡ್ಲಾ? ಇಷ್ಟ. ಅಳೂ ಬಂದ್ರೂ ಮೀಟರ್ ನೋಡಿ ಅಳಬೇಕಿತ್ತು.

ಪರದೇಶಕ್ಕ ಅಂದ್ರಂತೂ ಕೇಳೂದ ಬ್ಯಾಡ. ಐಎಸ್‌ಡಿ ಕರೆ ಎಲ್ಲಾ ವಿಎಸ್‌ಎನ್‌ಎಲ್ ಒಂದರ ಕೈಯಾಗ ಇತ್ತು, ನಿಮಿಷಕ್ಕ ಹತ್ತಾರು ರೂಪಾಯಿ. ಆ ಏಕಸ್ವಾಮ್ಯ ಮುಗದದ್ದು 2002ರ ಏಪ್ರಿಲ್ 1ಕ್ಕ. ಅದ ದಿನದಿಂದ ಇಂಟರ್ನೆಟ್ ಮ್ಯಾಲ ಮಾತಾಡೂದಕ್ಕೂ ನಮ್ಮ ಸರಕಾರ ಒಪ್ಪಿಗಿ ಕೊಟ್ಟಿತು. ಅಲ್ಲೀ ತನಕ ಕಂಪ್ಯೂಟರಿಂದ ಕಂಪ್ಯೂಟರಿಗೆ ಮಾತಾಡೂದು ಸುದ್ದಾ ನಮ್ಮ ದೇಶದಾಗ ಕಾಯ್ದೆಗೆ ವಿರುದ್ಧ ಇತ್ತು ಅಂದ್ರ ಈಗಿನ ಹುಡುಗ್ಯಾರು ನಂಬಂಗಿಲ್ಲ.

ಆ ಬೂತಿಗೂ ಈಗಿನ ವಾಟ್ಸಾಪ್ ವಿಡಿಯೋ ಕಾಲಿಗೂ ನಡುವ ಒಂದು ಹತ್ತು-ಹನ್ನೆರಡು ವರ್ಷ ಅದಾವು. ಇವತ್ತು ಬರಿಯಾಕತ್ತಿದ್ದು ಆ ನಡುವಿನ ಕಾಲದ ಕಥಿ. ಮಗಳು ಹೂಸ್ಟನ್ನಿನ್ಯಾಗೋ ಮಸ್ಕತ್ತಿನ್ಯಾಗೋ ಇದ್ದು, ಅವ್ವ ಇಲ್ಲಿ ಮಗ ಬಿಟ್ಟುಹೋದ ಹಳೀ ಕಂಪ್ಯೂಟರಿನ ಮುಂದ ಕುಂತು ಮುಖ ನೋಡಿ ಮಾತಾಡಿದ ಕಾಲ ಅದು. ಹಳೀ ಸೀರಿ ಹೆಂಗ ಮನಿಯೊಳಗ ಕೈಯಿಂದ ಕೈಗೆ ಬರ್ತಾವೋ ಹಳೀ ಕಂಪ್ಯೂಟರೂ ಹಂಗ. ಹೊಸಾ ಲ್ಯಾಪ್‌ಟಾಪ್ ಹುಡುಗರ ಜೋಡಿ ಬೆಂಗಳೂರಿಗೆ ಹೋಗ್ತಾವು, 256 ಎಂಬಿ ರ‍್ಯಾಮಿನ ದೊಡ್ಡ ಡಬ್ಬಿ ಅವ್ವನ ಪಾಲಿಗೆ ಉಳೀತೈತಿ.

ಮೊದಲು ಸ್ಕೈಪಿನ ಹುಟ್ಟು ಹೇಳತೀನಿ. 2003ರ ಆಗಸ್ಟ್ 29ಕ್ಕ ಅದು ಹೊರಗ ಬಂತು. ಸ್ವೀಡನ್ನಿನ ನಿಕ್ಲಾಸ್ ಜೆನ್‌ಸ್ಟ್ರೋಮ್, ಡೆನ್ಮಾರ್ಕಿನ ಯಾನುಸ್ ಫ್ರೀಸ್ ಇಬ್ಬರೂ ಮಾಲಕರು. ಖರೇ ಕೆಲಸ ಮಾಡಿದವರು ಎಸ್ಟೋನಿಯಾದ ಹುಡುಗರು: ಆಹ್ಟಿ ಹೈನ್ಲಾ, ಪ್ರೀಟ್ ಕಸೆಸಾಲು, ಯಾನ್ ಟಾಲಿನ್. ಎಸ್ಟೋನಿಯಾ ಅಂದ್ರ ನಮ್ಮ ಕರ್ನಾಟಕದ ನಾಲ್ಕನೇ ಒಂದು ಪಾಲು ಇರೋ ಸಣ್ಣ ದೇಶ. ಇವರ ಜಾಣತನ ಏನಂದ್ರ, ಕರೆಗಳನ್ನ ಒಂದು ದೊಡ್ಡ ಯಂತ್ರದ ಮೂಲಕ ಕಳಸೂ ಬದಲು ಬಳಕೆದಾರರ ಕಂಪ್ಯೂಟರುಗಳ ಮೂಲಕನ ದಾಟಿಸಿದ್ರು. ಸಾರಿನ ಪಾತ್ರಿ ಒಂದು ಮನಿ ಗ್ವಾಡಿ ಮ್ಯಾಲಿಂದ ಬಾಜು ಮನಿಗೆ, ಅಲ್ಲಿಂದ ಅದರಾಚಿ ಮನಿಗೆ ದಾಟಿಸಿದಂಗ. ನಡುವಿನ ಮನಿಯಾಕಿಗೆ ಪಾತ್ರಿಯೊಳಗ ಏನೈತಿ ಗೊತ್ತಾಗಂಗಿಲ್ಲ, ಮುಚ್ಚಳ ಬಿಗಿ ಇರ್ತಿತ್ತು. ಅದಕ್ಕ ಖರ್ಚೂ ಇಲ್ಲ, ಸೈಬರ್ ಕೆಫೆಯ ಗೇಟುಗೋಡಿ ಅಡ್ಡ ಬಂದ್ರೂ ದಾಟ್ಕೊಂಡು ಹೋಗ್ತಿತ್ತು. 2005ರಾಗ ಇಬೇ ಕಂಪನಿ 260 ಕೋಟಿ ಡಾಲರಿಗೆ ಅದನ್ನ ಕೊಂಡ್ಕೊಂತು. ಅದ ವರ್ಷ ನಮ್ಮ ದೇಶದಾಗ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರು ಆತು.

ಸ್ಕೈಪ್ ಫುಕಟ್ ಸಿಕ್ತಿತ್ತು ಖರೆ, ಅಂದ್ರ ಅದು ಮುಕ್ತ ಇರಲಿಲ್ಲ. ಈ ಎರಡರ ನಡುವಿನ ಫರಕು ಅಡಿಗಿಮನಿಯೊಳಗ ಇದ್ದೋರಿಗೆ ಲಗೂ ತಿಳೀತೈತಿ. ಅಂಗಡ್ಯಾಗ ಪುಡಿ ಪಾಕೀಟು ಒಂದಕ್ಕ ಒಂದು ಪುಕ್ಕಟೆ ಕೊಟ್ಟರೂ ಒಳಗ ಏನೇನು ಹಾಕ್ಯಾರ ಅಂತ ಹೇಳಂಗಿಲ್ಲ. ಲಿನಕ್ಸ್ ಅನ್ನೋದು ಹಂಗಲ್ಲ. 1991ರಾಗ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಅನ್ನೋ ಕಾಲೇಜು ಹುಡುಗ ಶುರು ಮಾಡಿದ್ದು. ಅದು ನಮ್ಮ ದೊಡ್ಡವ್ವನ ಮಸಾಲಿ ಖಾರ ಇದ್ದಂಗ: ಎಷ್ಟು ಕೊಬ್ರಿ, ಎಷ್ಟು ಕೊತ್ತಂಬರಿ, ಯಾವ ಬಿಸಿಲಾಗ ಎಷ್ಟು ದಿನ, ಕೇಳಿದಾಕಿಗೆಲ್ಲಾ ಹೇಳ್ತಾಳ. ನೀವು ಖಾರ ಕಡಿಮಿ ಮಾಡ್ಕೊಂಡು ನಿಮ್ಮ ಹೆಸರಿಲೇ ಹಂಚಿದ್ರೂ ಸಿಟ್ಟಾಗಂಗಿಲ್ಲ.

ಹಂಗ ಹಂಚಿದ ರೂಪಗಳೊಳಗ ಒಂದು ಪಪ್ಪಿ ಲಿನಕ್ಸ್. ಆಸ್ಟ್ರೇಲಿಯಾದ ಬ್ಯಾರಿ ಕೌಲರ್ ಅನ್ನೋ ಮೇಷ್ಟ್ರು 2003ರಾಗ ಮಾಡಿದ್ದು, ಸ್ಕೈಪ್ ಹುಟ್ಟಿದ ವರ್ಷನ. ತಮ್ಮ ಸಣ್ಣ ನಾಯಿ ಹೆಸರು ಇಟ್ಟರು. ಸುಮಾರು 100 ಎಂಬಿ ಅಷ್ಟ. ಸಿಡಿ ಹಾಕಿ ಚಾಲು ಮಾಡಿದ್ರ ಪೂರಾ ರ‍್ಯಾಮಿನ್ಯಾಗ ಏರಿ ಕೂಡ್ತಿತ್ತು. ಸಿಡಿ ತಗದು ಕಪಾಟಿನ್ಯಾಗ ಇಟ್ಟರೂ ನಡೀತಿತ್ತು. ಹಾರ್ಡ್ ಡಿಸ್ಕ್ ಕೆಟ್ಟ ಕಂಪ್ಯೂಟರಿಗೂ ಜೀವ ಬರ್ತಿತ್ತು. ಕನ್ನಡ ಅಕ್ಷರ ಬೇಕಂದ್ರ ಲೋಹಿತ್ ಕನ್ನಡ ಅನ್ನೋ ಮುಕ್ತ ಫಾಂಟಿನ ಒಂದ ಒಂದು ಫೈಲ್ ಹಾಕಿದ್ರ ಮುಗೀತು.

ಕಡಿಮಿ ಶಕ್ತಿಯ ಯಂತ್ರ, ಲಿನಕ್ಸ್, ದನಿ — ಈ ಮೂರನ್ನೂ ಕೂಡಿಸೂ ಕನಸು ನಮ್ಮ ಬೆಂಗಳೂರಿನವರೂ ಕಂಡಿದ್ರು, ಅದನ್ನ ಇಲ್ಲಿ ಹೇಳದ ಮುಂದ ಹೋಗಾಕ ನನಗ ಮನಸಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತ ಎನ್‌ಕೋರ್ ಕಂಪನಿಯವರು ಸೇರಿ 2001ರಾಗ ಸಿಂಪ್ಯೂಟರ್ ಅಂತ ಅಂಗೈಯಷ್ಟು ಕಂಪ್ಯೂಟರ್ ತೋರಿಸಿದ್ರು. ಲಿನಕ್ಸ್ ಮ್ಯಾಲ ನಡೀತಿತ್ತು. ಓದಾಕ ಬಾರದವರಿಗೂ ಉಪಯೋಗ ಆಗಲಿ ಅಂತ ಬರದದ್ದನ್ನ ಓದಿ ಹೇಳೂ "ಧ್ವನಿ" ಅನ್ನೋ ತಂತ್ರಾಂಶ ಮಾಡಿದ್ರು. ಅದು ಮೊದಲ ಕಲತ ಭಾಷೆಗಳೊಳಗ ಕನ್ನಡನೂ ಒಂದು. ಕವಿರಾಜಮಾರ್ಗದಾಗ ತಿರುಳ್ಗನ್ನಡದ ನಾಲ್ಕು ಊರೊಳಗ ನಮ್ಮ ಕೊಪಣ ಐತಿ ಅಂತ ಬೀಗೋರು ನಾವು. ನಮ್ಮ "ಹೋಗ್ಯಾಳ", "ಬಂದಾಳ" ಆ ಯಂತ್ರದ ಬಾಯಾಗ ಹೆಂಗ ಕೇಳಸ್ತಿತ್ತೋ ಏನೋ! ಮಾರಾಟ ಮಾತ್ರ ಅಂದುಕೊಂಡಷ್ಟು ಆಗಲಿಲ್ಲ. ಮೊಬೈಲ್ ಅದನ್ನ ನುಂಗಿತು.

ಇರಲಿ. ಪಪ್ಪಿಯಂಥಾ ಸಣ್ಣ ಮನಿಯೊಳಗ ಸ್ಕೈಪಿನಂಥಾ ಬಿಗುಮಾನದ ಬೀಗರನ್ನ ಕೂಡಸೂದು ಹೆಂಗ? ಲಿನಕ್ಸಿಗೆ ಸ್ಕೈಪ್ 2004ರಾಗನ ಬಂದಿತ್ತು, ಅದಕ್ಕ ಕ್ಯೂಟಿ ಅನ್ನೋ ದೊಡ್ಡ ಸಾಮಾನಿನ ಗಂಟು ಬೇಕಾಗ್ತಿತ್ತು. ಪಪ್ಪಿಯೊಳಗ ಅದು ಇರಲಿಲ್ಲ, ಇಟ್ಟರ ಜಾಗ ಸಾಲೂದಿಲ್ಲ. ಪುಣ್ಯಕ್ಕ ಕಂಪನಿ "ಸ್ಟಾಟಿಕ್" ಅಂತ ಇನ್ನೊಂದು ನಮೂನಿ ಕೊಡ್ತಿತ್ತು: ಬೀಗರು ತಮ್ಮ ಒಲಿ, ತಮ್ಮ ತಟ್ಟಿ, ತಮ್ಮ ಹಾಸಿಗಿ ತಾವ ಹೊತ್ಕೊಂಡು ಬಂದಂಗ. ಸಣ್ಣ ಲಿನಕ್ಸಿನವರು ಅದನ್ನ ಹಿಡ್ಕೊಂಡ್ರು.

2008ರಾಗ 2.0 ಆವೃತ್ತಿಯೊಳಗ ಲಿನಕ್ಸಿಗೂ ವಿಡಿಯೋ ಬಂತು. ಆದ್ರ ಕ್ಯಾಮೆರಾದ ತಂಟೆ ಶುರು ಆತು. ಲಿನಕ್ಸ್ ಕ್ಯಾಮೆರಾಗಳ ಜೋಡಿ ಮಾತಾಡೂ ರೀತಿ ಬದಲಾಗಿತ್ತು, ಸ್ಕೈಪ್ ಹಳೀ ರೀತಿನ ಕೇಳ್ತಿತ್ತು. ಮುಕ್ತ ತಂತ್ರಾಂಶ ಆಗಿದ್ರ ಯಾರರೆ ಒಬ್ಬರು ಒಂದು ಸಂಜಿಗೆ ಸರಿ ಮಾಡತಿದ್ರು. ಇದು ಕೀಲಿ ಹಾಕಿದ ಪೆಟ್ಟಿಗಿ, ಒಳಗ ಕೈ ಹಾಕಾಕ ಬರಂಗಿಲ್ಲ. ಅದಕ್ಕ ಹ್ಯಾನ್ಸ್ ಡಿ ಗೂಡೆ ಅನ್ನೋ ಡಚ್ ಮನಷಾ ಮಾಡಿದ ಲಿಬ್‌ವಿ4ಎಲ್ ಅನ್ನೋ ದುಭಾಷಿಯನ್ನ ನಡುವ ಕೂಡಸಿದ್ರು. ಸ್ಕೈಪ್ ಚಾಲು ಮಾಡೂ ಮೊದಲು ಎಲ್‌ಡಿ ಪ್ರಿಲೋಡ್ ಅಂತ ಶುರು ಆಗೋ ಒಂದು ಉದ್ದನ ಸಾಲು ಬರೀಬೇಕು, ಆವಾಗ ಹಸರು-ನೇರಳಿ ಪಟ್ಟಿ ಹೋಗಿ ಮುಖ ಕಾಣ್ತಿತ್ತು. ನಮ್ಮ ಓಣಿಯ ಒಬ್ಬಾಕಿ ಚಿಗವ್ವ, ಇಂಗ್ಲಿಷಿನ ಗಾಳಿ ಇಲ್ಲ, ಆ ಸಾಲನ್ನ ಚೀಟಿ ಮ್ಯಾಲ ಬರಸ್ಕೊಂಡು ರಂಗೋಲಿ ಚುಕ್ಕಿ ಎಣಿಸಿದಂಗ ಒಂದೊಂದ ಅಕ್ಷರ ಒತ್ತತಿದ್ಲು. ಒಮ್ಮೆ ಹುಡುಗರು ಅದನ್ನ ಒಂದು ಗುಂಡಿಗೆ ಕಟ್ಟಿಕೊಟ್ಟ ಮ್ಯಾಲೂ ಚೀಟಿ ಒಗೀಲಿಲ್ಲ.

2011ರಾಗ ಮೈಕ್ರೋಸಾಫ್ಟ್ 850 ಕೋಟಿ ಡಾಲರ್ ಕೊಟ್ಟು ಸ್ಕೈಪ್ ಕೊಂಡಿತು. ವಿಂಡೋಸ್ ಮಾರೋ ಕಂಪನಿ ಲಿನಕ್ಸಿಗೆ ಯಾಕ ಮಾಡೀತು ಅಂತ ಎಲ್ಲಾರೂ ಅಂದ್ರು. 2012ರ ಜೂನಿನ್ಯಾಗ 4.0 ಬಿಡುಗಡಿ ಮಾಡಿ ಬಾಯಿ ಮುಚ್ಚಿಸಿದ್ರು. ನಗಿ ಬರೋ ಮಾತಂದ್ರ, ಅದ ವರ್ಷ ಕರೆ ಮಾಡೋರನ್ನ ಒಬ್ಬರಿಗೊಬ್ಬರು ಹುಡುಕಿಕೊಡೂ ಕೆಲಸಾನ ಬಳಕೆದಾರರ ಕಂಪ್ಯೂಟರುಗಳಿಂದ ಬಿಡಿಸಿ ತಮ್ಮವ ಸಾವಿರಾರು ಯಂತ್ರಗಳ ಮ್ಯಾಲ ಹಾಕಿದ್ರಲ್ಲಾ, ಆ ಯಂತ್ರಗಳು ಲಿನಕ್ಸಿನವು ಅಂತ ಸುರಕ್ಷತಾ ಸಂಶೋಧಕರು ಹೊರಗ ತಂದ್ರು. ಓಣಿ ಓಣಿಯ ಮನಿಗಳು ಮಾಡ್ತಿದ್ದ ಆ ಕೆಲಸ ಈಗ ಒಬ್ಬರ ಅಡಿಗಿಮನಿ ಪಾಲಾತು.

ಆಮ್ಯಾಲ 2014 ಬಂತು. ಈ ವರ್ಷಾನ ಸ್ವಲ್ಪ ನಿಂತು ನೋಡಬೇಕು. ಏಪ್ರಿಲ್ 8ಕ್ಕ ಮೈಕ್ರೋಸಾಫ್ಟ್ ವಿಂಡೋಸ್ ಎಕ್ಸ್‌ಪಿಯ ಕೈ ಬಿಟ್ಟಿತು. ಹೊಸಾ ವಿಂಡೋಸ್ ಹಳೀ ಡಬ್ಬಿಯೊಳಗ ಏಳಂಗಿಲ್ಲ. ಜಗತ್ತಿನ ತುಂಬ ಮಂದಿ ಹಳೀ ಕಂಪ್ಯೂಟರಿಗೆ ಪಪ್ಪಿ, ಲುಬುಂಟು ಅಂಥಾ ಹಗುರ ಲಿನಕ್ಸ್ ಹಾಕ್ಕೊಂಡ್ರು. ಎರಡ ತಿಂಗಳಿಗೆ, ಜೂನಿನ್ಯಾಗ, ಸ್ಕೈಪ್ 4.3 ಬಂತು. ಅದು ದನಿ ಹಾಯೂ ದಾರಿನ ಬದಲು ಮಾಡಿತು.

ಇದನ್ನ ನೀರಿನ ಲೆಕ್ಕದಾಗ ಹೇಳತೀನಿ. ಲಿನಕ್ಸಿನ್ಯಾಗ ಸೌಂಡ್ ಕಾರ್ಡ್ ಮುಟ್ಟೂ ಮೂಲ ದಾರಿ ಆಲ್ಸಾ. ಹಿತ್ತಲ ಬಾವಿಗೆ ಹಗ್ಗ ಬಿಟ್ಟು ಸೇದಿದಂಗ. ಪಲ್ಸ್‌ಆಡಿಯೋ ಅನ್ನೋದು ಆ ಬಾವಿ ಮ್ಯಾಲ ಕಟ್ಟಿದ ಟಾಕಿ ಮತ್ತ ನಳ. ನಾಲ್ಕು ಖೋಲಿಗೆ ಒಂದ ಸಲ ನೀರು ಬರ್ತೈತಿ, ದೊಡ್ಡ ಮನಿಗೆ ಬೇಷ. ಸಣ್ಣ ಮನಿಯೊಳಗ ಟಾಕಿ ಎಲ್ಲಿ ಕಟ್ಟೂದು? ಹಗುರ ಲಿನಕ್ಸಿನ ಎಷ್ಟೋ ಮನಿಯೊಳಗ ಬರೇ ಬಾವಿ ಇತ್ತು. 4.3 ಬಂದು, ನಾ ಬಾವಿ ನೀರು ಕುಡಿಯಂಗಿಲ್ಲ, ನಳದ್ದ ಬೇಕು ಅಂತು. ನಳ ಇಲ್ಲದ ಮನಿಯೊಳಗ ಮುಖ ಕಾಣ್ತಿತ್ತು, ದನಿ ಇಲ್ಲ. ಹಳೀ ಆವೃತ್ತಿನ ಇಟ್ಕೊಂಡ್ರಾತು ಅಂದ್ರ, ಆಗಸ್ಟಿನ್ಯಾಗ ಹಳೀವಕ್ಕೆಲ್ಲಾ ಒಳಗ ಬರಾಕ ಬಾಗಲಾ ಹಾಕಿದ್ರು. ನಿಮ್ಮ ಕಂಪ್ಯೂಟರಿನ್ಯಾಗ ಕುಂತಿರೋ ತಂತ್ರಾಂಶ, ನಿನ್ನೆ ತನಕ ಚಲೋ ನಡದದ್ದು, ಇವತ್ತು ಮತ್ತೊಬ್ಬರು ಬ್ಯಾಡ ಅಂದ್ರಂತ ನಿಲ್ತು. ಅದ ವರ್ಷದ ನವೆಂಬರ್ 10ಕ್ಕ ಭಾರತದೊಳಗಿಂದ ಭಾರತದ ಫೋನುಗಳಿಗೆ ಸ್ಕೈಪಿನಿಂದ ಕರೆ ಮಾಡೂದೂ ಬಂದ್ ಆತು. ಕಂಪ್ಯೂಟರಿನ ಮುಂದ ಕೂಡಾಕ ಆಗದ ಅಜ್ಜಿಯ ಲ್ಯಾಂಡ್‌ಲೈನಿಗೆ ಬೆಂಗಳೂರಿನ ಮೊಮ್ಮಗಳು ಸ್ಕೈಪಿನಿಂದ ಹಚ್ಚೂದು ಮುಗೀತು.

ಆವಾಗ ರಿನಾತ್ ಇಬ್ರಾಗಿಮೋವ್ ಅನ್ನೋರು ಎಪಲ್ಸ್ ಅಂತ ಒಂದು ಸಣ್ಣ ತಂತ್ರಾಂಶ ಬರದು ಎಲ್ಲಾರಿಗೂ ಬಿಟ್ಟುಕೊಟ್ರು. ನನಗ ಈ ಇಡೀ ಕಥಿಯೊಳಗ ಭಾಳ ಸೇರೋ ಭಾಗ ಇದು. ಅವರು ಟಾಕಿ ಕಟ್ಟಲಿಲ್ಲ. ಗ್ವಾಡಿಗೆ ಒಂದು ನಳ ಅಷ್ಟ ಹಚ್ಚಿ, ಗ್ವಾಡಿ ಹಿಂದಿಂದ ಕೊಡದಲೆ ಬಾವಿ ನೀರು ಸುರದಂಗ ಮಾಡಿದ್ರು. ಸ್ಕೈಪ್ ನಳ ನೋಡ್ತು, ಸಮಾಧಾನ ಆತು, ಕುಡೀತು. ಕಂಪ್ಯೂಟರಿನ್ಯಾಗ ಬರೇ ಸ್ಕೈಪ್ ಅಂತ ಬರಿಯೂ ಬದಲು "ಎಪಲ್ಸ್ ಸ್ಕೈಪ್" ಅಂತ ಬರೀಬೇಕು, ಅಷ್ಟ ಫರಕು. ಹಳೀ ಡಬ್ಬಿಗಳಿಗೆ ಮತ್ತ ದನಿ ಬಂತು. ರೊಕ್ಕ ಕೇಳಲಿಲ್ಲ, ಹೆಸರೂ ಯಾರಿಗೂ ಗೊತ್ತಿಲ್ಲ. ಎಂಥೆಂಥಾ ಅವ್ವ-ಮಗಳ ಮಾತು ಆ ನಳದಾಗ ಹರದಾವೋ!

ಅದೂ ಮೂರು ವರ್ಷದ ಮಾತಾತು. 2016ರಾಗ ಲಿನಕ್ಸಿಗೆ ಹೊಸಾ ಸ್ಕೈಪ್ ತಂದ್ರು, ಅದು 64 ಬಿಟ್ ಯಂತ್ರಕ್ಕ ಮಾತ್ರ. 2017ರ ಜುಲೈ 1ಕ್ಕ ಹಳೀ 4.3 ಮುಚ್ಚಿದ್ರು. ಅವ್ವಂದಿರ ಡಬ್ಬಿ 32 ಬಿಟ್ಟಿನವು, ಅದಕ್ಕ ಯಾರ ಬುದ್ಧಿವಂತಿಕಿನೂ ನಡೀಲಿಲ್ಲ. ಮಂದಿ ಹೆಚ್ಚು ಅಳಲಿಲ್ಲ, ಯಾಕಂದ್ರ 2016ರ ಸೆಪ್ಟೆಂಬರಿನ್ಯಾಗ ಜಿಯೋ ಬಂದಿತ್ತು, ನವೆಂಬರಿನ್ಯಾಗ ವಾಟ್ಸಾಪಿಗೆ ವಿಡಿಯೋ ಕಾಲ್ ಬಂದಿತ್ತು. ಅದೂ ಕೀಲಿ ಹಾಕಿದ ಪೆಟ್ಟಿಗಿನ. ಈ ಸಲ ಪೆಟ್ಟಿಗಿ ಸೆರಗಿನ್ಯಾಗ ಕಟ್ಕೊಳ್ಳುವಷ್ಟು ಸಣ್ಣದು. ಕೊನೀಗೆ 2025ರ ಮೇ 5ಕ್ಕ ಸ್ಕೈಪ್ ಪೂರಾ ಬಂದ್ ಆತು.

ಒಂದು ಮಾತು ಉಳದೈತಿ. ಸ್ಕೈಪಿನವರು ದನಿಯನ್ನ ಸಣ್ಣಗ ಮಡಿಚಿ ಕಳಸೂ ಒಂದು ವಿದ್ಯೆ ಮಾಡಿದ್ರು, ಸಿಲ್ಕ್ ಅಂತ ಹೆಸರು, 2009ರ ಸುಮಾರಿಗೆ. ಎಲ್ಲಾ ಮುಚ್ಚಿಟ್ಟವರು ಇದೊಂದನ್ನ ಮಾತ್ರ ಹಂಚಿದ್ರು. ಅದು ಇನ್ನೊಂದು ಮುಕ್ತ ವಿದ್ಯೆ ಜೋಡಿ ಕೂಡಿ 2012ರಾಗ ಓಪಸ್ ಅನ್ನೋ ಹೆಸರಿಲೆ ಜಗತ್ತಿನ ಮಟ್ಟದ ಮುಕ್ತ ನಿಯಮ ಆತು. ನೀವು ವಾಟ್ಸಾಪಿನ್ಯಾಗ ಗುಂಡಿ ಒತ್ತಿ ಹಿಡದು ಮಾತಾಡಿ ಕಳಸ್ತೀರಲ್ಲಾ, ಆ ವಾಯ್ಸ್ ನೋಟಿನ ಫೈಲ್ ಕಂಪ್ಯೂಟರಿಗೆ ಹಾಕಿ ಹೆಸರು ನೋಡ್ರಿ, ಕೊನೀಗೆ ಓಪಸ್ ಅಂತ ಇರ್ತೈತಿ. ನಮ್ಮ ಅಟ್ಟದ ಮ್ಯಾಲಿನ ಹಳೀ ಡಬ್ಬಿ ಕೆಳಗ ಇಳಿಸಿ, ಪಪ್ಪಿ ಹಾಕಿ, ಅದರಾಗ ನಮ್ಮ ಅತ್ತಿಯವರ ವಾಯ್ಸ್ ನೋಟ್ ಹಚ್ಚಿದ್ವಿ. ಯಾವ ಲಾಗಿನ್ನೂ ಕೇಳಲಿಲ್ಲ. ಯಲಬುರ್ಗಾದಾಗ ಸಜ್ಜಿ ರಾಶಿ ಮುಗೀತು, ಚೀಲ ಸಾಲೂದಿಲ್ಲ, ಬರೂ ಮುಂದ ನಾಲ್ಕು ಖಾಲಿ ಚೀಲ ತಗೊಂಡ ಬರ್ರಿ ಅಂತ ಎರಡು ನಿಮಿಷ ಹನ್ನೊಂದು ಸೆಕೆಂಡು, ತಪ್ಪಿಲ್ಲದ ಕೇಳಸ್ತು.