ಚಿತ್ರಕ್ಕೆ ಅರ್ಥ ಹೇಳುವವರು

ಭಟ್ಕಳದ ಕೇತಪೈ ನಾರಾಯಣ ದೇವಸ್ಥಾನದ ಗೋಡೆಯಲ್ಲಿ ರಾಮಾಯಣದ ಪ್ರಸಂಗಗಳು ಕಲ್ಲಿನಲ್ಲಿ ಮೂಡಿವೆ. 16ನೇ ಶತಮಾನದ ಈ ಗುಡಿಯ ಮಾಡೂ ಕಲ್ಲಿನದೇ. ಜಡಿಮಳೆಯ ನಾಡಿನ ಮನೆಗಳ ಮಾಡಿನಂತೆ ಅದು ಇಳಿಜಾರಾಗಿದೆ. ಪ್ರದಕ್ಷಿಣೆ ಬಂದವರ ಕಣ್ಣಿಗೆ ಕತೆ ಒಂದೊಂದೇ ತುಂಡಾಗಿ ಬೀಳುತ್ತ ಹೋಗುತ್ತದೆ. ಇಂದು ಪಿಂಟರೆಸ್ಟ್, ಇನ್‌ಸ್ಟಾಗ್ರಾಂಗಳಲ್ಲಿ ಚಿತ್ರಗಳನ್ನು ಆಯ್ದು ಒಂದು ಫಲಕಕ್ಕೆ ಅಂಟಿಸಿ, ಅದನ್ನೇ ತರಗತಿಗೆ ತಂದು ಓದು ಕಲಿಸುವ ಮಾತು ಕೇಳಿಬರುತ್ತಿದೆ. ಎರಡೂ ತಾಣಗಳು ಹುಟ್ಟಿದ್ದು 2010ರಲ್ಲಿ. ಉಪಾಯ ಮಾತ್ರ ಹಳೆಯದು. ಚಿತ್ರವನ್ನು ಸಾಲಾಗಿ ಜೋಡಿಸಿ ಕತೆ ಹೇಳಿಸುವುದು ಈ ಕರಾವಳಿಗೆ ಹೊಸದಲ್ಲ. ಆದರೆ ಅದೇ ಹಳೆಯ ಗೋಡೆ ಒಂದು ಎಚ್ಚರಿಕೆಯನ್ನೂ ಕೊಡುತ್ತದೆ. ಶತಮಾನಗಳ ಕಾಲ ಅದನ್ನು ನೋಡುತ್ತ ಬಂದ ಜನರಲ್ಲಿ ಬಹುಪಾಲು ಮಂದಿಗೆ ಅಕ್ಷರ ಬರುತ್ತಿರಲಿಲ್ಲ. ಚಿತ್ರ ನೋಡಿದ್ದರಿಂದಲೇ ಓದು ಬರುವಂತಿದ್ದರೆ ಭಟ್ಕಳ ಎಂದೋ ಸಂಪೂರ್ಣ ಸಾಕ್ಷರ ಊರಾಗಬೇಕಿತ್ತು. ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯಲ್ಲಿ ಚಿತ್ರ ಮತ್ತು ಅಕ್ಷರ ಎಲ್ಲೆಲ್ಲಿ ಕೂಡಿಬಂದಿವೆ ಎಂದು ಹುಡುಕಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಫಲಕದಿಂದ ಓದು ಕಲಿಯುವವರು ಅದನ್ನು ಜೋಡಿಸಿ, ಪ್ರತಿ ಚಿತ್ರದ ಕೆಳಗೆ ಮಾತು ಕೂರಿಸುವವರು. ಬರಿದೇ ನೋಡಿದವರಿಗೆ ಕತೆ ದಕ್ಕೀತು, ಅಕ್ಷರ ದಕ್ಕದು.

ಮೊದಲ ಸಾಕ್ಷ್ಯ ವೀರಗಲ್ಲು. ಕನ್ನಡ ನಾಡಿನ ಉದ್ದಗಲಕ್ಕೂ ಸಿಗುವ ಈ ಕಲ್ಲುಗಳ ಸಾಮಾನ್ಯ ರೂಪ ಮೂರು ಅಂತಸ್ತಿನದು, ಓದಬೇಕಾದದ್ದು ಕೆಳಗಿನಿಂದ ಮೇಲಕ್ಕೆ. ತಳದಲ್ಲಿ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ತುದಿಯಲ್ಲಿ ಲಿಂಗದ ಮುಂದೆಯೋ ಜಿನನ ಮುಂದೆಯೋ ಕೈಮುಗಿದು ಕುಳಿತ ವೀರ. ಈ ಅಂತಸ್ತುಗಳ ನಡುವಿನ ಕಲ್ಲುಪಟ್ಟಿಯಲ್ಲಿ ಎಷ್ಟೋ ಕಡೆ ಅಕ್ಷರಗಳಿರುತ್ತವೆ: ಯಾರು, ಎಂದು, ಯಾವುದಕ್ಕಾಗಿ ಸತ್ತ ಎಂಬಷ್ಟು. ಒಂದೇ ಕಲ್ಲಿನಲ್ಲಿ ಇಬ್ಬಗೆಯ ಓದುಗರಿಗೆ ಜಾಗವಿದೆ. ಅಕ್ಷರ ಬಾರದವರಿಗೆ ಯಾರೋ ಹೋರಾಡಿ ಸತ್ತು ಸ್ವರ್ಗ ಸೇರಿದ ಎಂಬುದು ತಿಳಿಯುತ್ತದೆ. ಆದರೆ ಆತ ಎಲ್ಲ ವೀರರಂತೆ ಒಬ್ಬ ವೀರ, ಅಷ್ಟೆ. ಅವನನ್ನು ಇಂಥವನ ಮಗ, ಇಂಥ ಊರಿನವ ಎಂದು ಬೇರೆ ಮಾಡುವುದು ಆ ನಾಲ್ಕು ಬೆರಳಗಲದ ಪಟ್ಟಿ. ಚಿತ್ರ ಸಾಮಾನ್ಯವನ್ನು ಹೇಳುತ್ತದೆ, ಅಕ್ಷರ ವಿಶೇಷವನ್ನು. ಅಕ್ಷರದ ಅಗತ್ಯ ಎಲ್ಲಿ ಹುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಪಾಠ ಸಿಗಲಾರದು.

ಎರಡನೆಯ ಸಾಕ್ಷ್ಯ ಆಟದ ರಂಗ. ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಮೇಳ ಕಟ್ಟುವ ಬಹಳ ಮೊದಲಿನಿಂದಲೂ ಈ ಸೀಮೆಯ ಜನ ಪುರಾಣ ಕಲಿತದ್ದು ಯಕ್ಷಗಾನದಿಂದ. ಪ್ರಸಂಗದ ಪುಸ್ತಕದಲ್ಲಿ ಇರುವುದು ಭಾಗವತರು ಹಾಡುವ ಪದ್ಯ. ಅದನ್ನು ಬಿಡಿಸಿ ಮಾತಾಗಿಸುವುದು ವೇಷಧಾರಿಯ ಹೊಣೆ. ಅದಕ್ಕೆ ‘ಅರ್ಥ ಹೇಳುವುದು’ ಎನ್ನುತ್ತಾರೆ. ಒಂದೇ ಪದ್ಯಕ್ಕೆ ಇಬ್ಬರು ಹೇಳುವ ಅರ್ಥ ಒಂದೇ ಆಗಿರುವುದಿಲ್ಲ, ಆಗಿದ್ದರೆ ಪ್ರೇಕ್ಷಕ ಎದ್ದು ಹೋಗುತ್ತಾನೆ. ತರಗತಿಯ ಚಿತ್ರವೂ ಆ ಪದ್ಯದ ಹಾಗೆಯೇ: ಅದು ಮಾತಿಗೆ ಎಳೆ ಕೊಡುತ್ತದೆ, ಮಾತನ್ನು ಕೊಡುವುದಿಲ್ಲ. ಆದರೆ ರಂಗ ಅರ್ಥ ಹೇಳಲು ಕಲಿಸಿತೇ ಹೊರತು ಬರೆಯಲು ಕಲಿಸಲಿಲ್ಲ. ಬರೆಯುವ ಕೈ ತಯಾರಾಗುತ್ತಿದ್ದುದು ಬೇರೆ ಕಡೆ. ಊರ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ ಐಗಳ ಮಠಗಳಲ್ಲಿ ಮರಳು ಹರಡಿ ಬೆರಳಿನಿಂದ ತಿದ್ದುತ್ತಿದ್ದರು. ವ್ಯಾಪಾರಿಗಳು ಮತ್ತು ಶಾನುಭೋಗರು ಕಡತ ಬಳಸುತ್ತಿದ್ದರು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ. ಬಳಪದಲ್ಲಿ ಬರೆಯುವುದು, ಒರೆಸುವುದು, ಮತ್ತೆ ಬರೆಯುವುದು. ಅಲ್ಲಿ ಚಿತ್ರವಿಲ್ಲ, ಲೆಕ್ಕ ಮತ್ತು ಮಗ್ಗಿ ಮಾತ್ರ. ಹೀಗೆ ಹಳೆಯ ಕರಾವಳಿಯಲ್ಲಿ ಚಿತ್ರ ಗುಡಿಯಲ್ಲಿತ್ತು, ಮಾತು ರಂಗದಲ್ಲಿತ್ತು, ಬರೆಯುವ ಕೈ ಅಂಗಡಿಯಲ್ಲಿತ್ತು. ಮೂರನ್ನೂ ಒಂದೇ ಕೋಣೆಗೆ ತರುವ ಕೆಲಸ ಶಾಲೆಗೆ ಬಿತ್ತು.

ಶಾಲೆ ಅದನ್ನು ಬೇಗ ಮಾಡಲಿಲ್ಲ. ಯೂರೋಪಿನಲ್ಲಿ ಶಿಕ್ಷಣತಜ್ಞ ಕಮೇನಿಯಸ್ 1658ರಲ್ಲೇ ಮಕ್ಕಳಿಗೆ ಸಚಿತ್ರ ಪುಸ್ತಕ ತಂದಿದ್ದ; ಚಿತ್ರದ ಪ್ರತಿ ವಸ್ತುವಿಗೆ ಒಂದು ಅಂಕಿ, ಅದೇ ಅಂಕಿ ಪಕ್ಕದ ಪದಕ್ಕೂ. ಮಗು ಎರಡನ್ನೂ ತಾನೇ ಹೊಂದಿಸಬೇಕು. ನಮ್ಮ ಕಡೆ 1862ರಲ್ಲಿ ಉತ್ತರ ಕನ್ನಡ ಮದ್ರಾಸು ಬಿಟ್ಟು ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಅದೇ ಮುಂಬಯಿಯಲ್ಲಿ 1894ರಲ್ಲಿ ಶುರುವಾದ ರವಿವರ್ಮನ ಮುದ್ರಣಾಲಯದ ದೇವರ ಪಟಗಳು ಮನೆಮನೆಯ ಗೋಡೆ ಏರಿದವು; ಶಾಲೆಯ ಗೋಡೆ ಮಾತ್ರ ಬೋಳಾಗಿಯೇ ಇತ್ತು. 1936ರಲ್ಲಿ ಶಿವರಾಮ ಕಾರಂತರು ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ತಂದಾಗ ಕನ್ನಡದ ಮಕ್ಕಳಿಗೆ ಜಗತ್ತು ಚಿತ್ರಸಮೇತ ಸಿಕ್ಕಿತು. ಆಮೇಲೆ ಬಂದ ವರ್ಣಮಾಲೆಯ ಪಟ ಎಲ್ಲರಿಗೂ ಗೊತ್ತು: ಆ ಆನೆ, ಇ ಇಲಿ, ಔ ಔಷಧ. ಇಲ್ಲೇ ಎಡವಟ್ಟು. ಔ ಪಕ್ಕದ ಸೀಸೆಯನ್ನು ನೋಡಿ ಕರಾವಳಿಯ ಮಗು ‘ಮದ್ದು’ ಎನ್ನುತ್ತದೆ. ಋಷಿಯ ಚಿತ್ರಕ್ಕೆ ‘ಸ್ವಾಮಿ’ ಎನ್ನುತ್ತದೆ. ಮಗುವಿನ ತಪ್ಪಿಲ್ಲ, ಅದು ಅರ್ಥ ಸರಿಯಾಗಿಯೇ ಹೇಳಿದೆ. ಪಟ ಕೇಳಿದ್ದು ಅರ್ಥವನ್ನಲ್ಲ, ಬೇರೆ ಯಾರೋ ಆರಿಸಿಟ್ಟ ಒಂದು ಪದವನ್ನು.

ಚಿತ್ರ, ಮಾತು, ಬರಹ ಮೂರೂ ಒಂದೆಡೆ ಕೂಡಿದ್ದು ನಲಿ-ಕಲಿಯಲ್ಲಿ. ರಿಷಿವ್ಯಾಲಿ ಶಾಲೆಯ ಮಾದರಿ ಕಂಡು ಬಂದ ಶಿಕ್ಷಕರು ಯುನಿಸೆಫ್ ನೆರವಿನಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭಿಸಿದ ಈ ಪದ್ಧತಿ 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು; ಈ ಮೂರು ತಾಲ್ಲೂಕುಗಳಿಗೂ ಬಂತು. ಕೋಣೆಯಲ್ಲಿ ತಲೆಯ ಮೇಲೆ ಅಡ್ಡಡ್ಡ ದಾರ ಕಟ್ಟಿ ಮಕ್ಕಳು ಬರೆದದ್ದು, ಬಿಡಿಸಿದ್ದು ತೂಗುಹಾಕುತ್ತಾರೆ. ಅದೇ ಕಲಿಕಾ ಚಪ್ಪರ. ಮಕ್ಕಳ ಎತ್ತರಕ್ಕೆ ಗೋಡೆಯ ಕೆಳಗೆ ಕಪ್ಪುಹಲಗೆ. ಗೋಡೆಯಲ್ಲಿ ಕಲಿಕಾ ಏಣಿ. ಅದರ ಒಂದೊಂದು ಮೆಟ್ಟಿಲಿಗೂ ಒಂದು ಚಿತ್ರದ ಗುರುತು, ಅದನ್ನು ನೋಡಿ ಮಗು ತನ್ನ ಕಾರ್ಡು ತಾನೇ ತೆಗೆಯುತ್ತದೆ. ಅಕ್ಷರಗಳೂ ಅ ಆ ಇ ಈ ಸಾಲಿನಲ್ಲಿ ಬರುವುದಿಲ್ಲ. ಮೊದಲು ರ ಗ ಸ ದ ಅ. ಈ ಐದೇ ಅಕ್ಷರ ಕೈವಶವಾದರೆ ಸರ, ಅರಸ, ಅಗಸ, ಗರಗಸ ಓದಬಹುದು. ಗರಗಸದ ಚಿತ್ರವನ್ನೂ ನಾಲ್ಕಕ್ಷರದ ಪದವನ್ನೂ ಮಗು ಜೋಡಿಸುವಾಗ ಚಿತ್ರ ಉತ್ತರ ಹೇಳಿಕೊಡುವುದಿಲ್ಲ, ಉತ್ತರ ಸರಿಯೇ ಎಂದು ತಾಳೆ ನೋಡಲು ನಿಲ್ಲುತ್ತದೆ. ಚಿತ್ರ ಮುಂದೆ, ಅಕ್ಷರ ಹಿಂದೆ ಎಂಬ ಹಳೆಯ ಪಟದ ಕ್ರಮ ಇಲ್ಲಿ ತಿರುಗಿಬಿತ್ತು.

ಚಿತ್ರ ಕೊಟ್ಟರೆ ಮಗು ಊಹಿಸುತ್ತದೆ, ಓದುವುದಿಲ್ಲ ಎಂಬ ಆಕ್ಷೇಪ ಹಗುರವಾದದ್ದಲ್ಲ. ಆನೆಯನ್ನು ಕಂಡು ‘ಆನೆ’ ಎಂದ ಮಗು ಅಕ್ಷರದ ಕಡೆ ಕಣ್ಣು ಹಾಯಿಸದೆ ಪಾರಾಗುತ್ತದೆ, ನಿಜ. ಇದು ಚಿತ್ರದ ವಿರುದ್ಧದ ವಾದವಲ್ಲ, ಸಿದ್ಧಪಡಿಸಿಟ್ಟ ಫಲಕದ ವಿರುದ್ಧದ ವಾದ. ಶೀರ್ಷಿಕೆ ಬರೆಯಬೇಕಾದ ಮಗುವಿಗೆ ಊಹೆ ಸಾಲದು. ವೀರಗಲ್ಲಿನ ಪಟ್ಟಿಯಂತೆ ಅದು ಯಾವ ಆನೆ, ಎಲ್ಲಿಯ ಆನೆ ಎಂದು ಅಕ್ಷರ ಹುಡುಕಲೇಬೇಕು. ಶಾಲೆಗಳ ಗೋಡೆಪತ್ರಿಕೆ ಹುಟ್ಟಿದ್ದೇ ಈ ತಿಳಿವಳಿಕೆಯಲ್ಲಿ: ಕ್ಯಾಲೆಂಡರಿನಿಂದ, ದಿನಪತ್ರಿಕೆಯಿಂದ ಕತ್ತರಿಸಿದ ಚಿತ್ರ, ಅದರ ಕೆಳಗೆ ಮಕ್ಕಳ ಕೈಬರಹ. ಇನ್ನೊಂದು ಆಕ್ಷೇಪ ಮೊಬೈಲಿನದು: ಎಲ್ಲ ಮನೆಯಲ್ಲೂ ಅದಿಲ್ಲ, ಘಟ್ಟದ ಬುಡದ ಹಳ್ಳಿಗಳಲ್ಲಿ ಸಿಗ್ನಲ್ ಇಲ್ಲ, ಚಿಕ್ಕ ಮಕ್ಕಳ ಕೈಗೆ ಜಾಲತಾಣ ಕೊಡುವುದೂ ತರವಲ್ಲ. ಪೂರ್ತಿ ಒಪ್ಪತಕ್ಕ ಮಾತು. ಕೊರೊನಾದಿಂದ ಶಾಲೆ ಮುಚ್ಚಿದ್ದ 2020ರ ಆಗಸ್ಟಿನಲ್ಲಿ ಸರ್ಕಾರ ವಿದ್ಯಾಗಮ ಯೋಜನೆ ಶುರುಮಾಡಿ ಶಿಕ್ಷಕರನ್ನು ಗುಡಿಯ ಅಂಗಳಕ್ಕೆ, ಮರದ ನೆರಳಿಗೆ ಕಳಿಸಿದ್ದೇ ಮೊಬೈಲ್ ಎಲ್ಲರನ್ನೂ ಮುಟ್ಟದು ಎಂಬ ಅರಿವಿನಿಂದ. ಹಾಗಾಗಿ ಖಾತೆ ಶಿಕ್ಷಕರದೊಂದೇ ಸಾಕು. ಅವರು ನಾಲ್ಕು ಚಿತ್ರ ಆರಿಸಿ ಮುದ್ರಿಸಿ ತಂದರೆ ಚಪ್ಪರಕ್ಕೆ ದಾರ ಈಗಾಗಲೇ ಇದೆ. ತಾಣದಲ್ಲಿ ಚಿತ್ರ ಸಾವಿರಗಟ್ಟಲೆ. ತರಗತಿಗೆ ಬೇಕಾದದ್ದು ನಾಲ್ಕು ಮಾತ್ರ, ಆದರೆ ಅವುಗಳ ಕೆಳಗಿನ ಜಾಗ ಖಾಲಿ ಇರಬೇಕು.

ಆ ಖಾಲಿ ಜಾಗದಲ್ಲಿ ಯಾವ ಮಾತು ಕೂರಬೇಕು ಎಂಬುದು ಈ ಸೀಮೆಯ ದೊಡ್ಡ ಪ್ರಶ್ನೆ. ಭಟ್ಕಳದ ಮನೆಗಳಲ್ಲಿ ನವಾಯತಿ, ಕುಮಟಾದ ಪೇಟೆಯಲ್ಲಿ ಕೊಂಕಣಿ, ಹೊನ್ನಾವರದ ತೋಟಗಳಲ್ಲಿ ಹವ್ಯಕ ಕನ್ನಡ. ಶಾಲೆಯ ಕನ್ನಡ ಪುಸ್ತಕದಲ್ಲಿ ಇವು ಯಾವುವೂ ಇಲ್ಲ. ಮನೆಮಾತು ಬರೆದರೆ ಶಿಷ್ಟ ಕನ್ನಡ ಕೆಡುತ್ತದೆ ಎಂದು ಅಂಜುವವರು ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳನ್ನು ನೆನೆಯಬೇಕು. ಅವರು 1887ರಲ್ಲಿ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ವನ್ನು ಬರೆದದ್ದು ಹವ್ಯಕರ ಆಡುಮಾತಿನಲ್ಲಿ, ಅದರಿಂದ ಕನ್ನಡಕ್ಕೆ ಕೇಡಾಗಲಿಲ್ಲ, ಒಂದು ಸಾಮಾಜಿಕ ನಾಟಕ ದಕ್ಕಿತು. ತರಗತಿಯಲ್ಲೂ ಹಾಗೆಯೇ. ಬುಟ್ಟಿ ತುಂಬ ಸಣ್ಣ ಸಿಗಡಿಯ ಒಂದು ಚಿತ್ರ ತೂಗುಹಾಕಿ ನೋಡಿ. ಪುಸ್ತಕದ ಮಾತು ಸಿಗಡಿ. ಮಕ್ಕಳು ಕೂಗುವುದು ‘ಶೆಟ್ಲಿ’. ಅದನ್ನೇ ಬರೆಯಲು ಹೇಳಿದರೆ ಟಕಾರಕ್ಕೆ ಲಕಾರದ ಒತ್ತು ಬೇಕು, ಒತ್ತಕ್ಷರದ ಪಾಠಕ್ಕೆ ಇನ್ನೂ ತಿಂಗಳುಗಳಿವೆ. ಆದರೂ ಆ ಹೊತ್ತಿನಲ್ಲಿ ಮಗು ತಾನಾಗಿ ಕೇಳುತ್ತದೆ: ಟ ಕೆಳಗೆ ಲ ಬರೆಯುವುದು ಹೇಗೆ? ಪಾಠವನ್ನು ಅಲ್ಲಿಂದಲೇ ಶುರುಮಾಡಬಹುದು, ಸಿಗಡಿ ಎಂಬುದನ್ನು ಅದರ ಕೆಳಗಿನ ಸಾಲಿನಲ್ಲಿ ಬರೆಸಬಹುದು.