ಲಿಥ್‌ಗೋ ರೈಫಲ್ಲಿನ ಮರ

ಬಂದೂಕಿನ ಚರಿತ್ರೆಯೆಂದರೆ ಉಕ್ಕಿನ ಚರಿತ್ರೆಯೆಂದೇ ಬಹುಮಂದಿ ಭಾವಿಸಿರುವರು. ಉಕ್ಕನ್ನು ಹೊತ್ತ ಮರಕ್ಕೂ ಒಂದು ಚರಿತ್ರೆಯುಂಟೆಂಬುದಕ್ಕೆ ಆಸ್ಟ್ರೇಲಿಯದ ಲಿಥ್‌ಗೋ ಕಾರ್ಖಾನೆಯನ್ನು ನಾವು ನಿದರ್ಶನವಾಗಿ ಎತ್ತಿಕೊಳ್ಳಬಹುದು.

ನ್ಯೂ ಸೌತ್ ವೇಲ್ಸ್ ರಾಜ್ಯದ ಈ ಕಾರ್ಖಾನೆ 1912ರಲ್ಲಿ ಆರಂಭವಾಯಿತು. ಬ್ರಿಟಿಷರ ಲೀ-ಎನ್‌ಫೀಲ್ಡ್ ಮಾದರಿಯನ್ನು ಅಮೆರಿಕದಿಂದ ತರಿಸಿದ ಯಂತ್ರಗಳಿಂದ ಅಲ್ಲಿ ತಯಾರಿಸುತ್ತಿದ್ದರು. ಮೊದಮೊದಲು ಮರವೂ ಹೊರನಾಡಿನದೇ, ಅಕ್ರೋಟು. ಕ್ರಮೇಣ ಸ್ವದೇಶದ ಕ್ವೀನ್ಸ್‌ಲೆಂಡ್ ಮೇಪಲ್, ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೋಚ್‌ವುಡ್ ಬಳಕೆಗೆ ಬಂದವು.

ಆದರೆ ಮರವನ್ನು ಬದಲಿಸುವುದು ಅಷ್ಟು ಸುಲಭವಲ್ಲ. ಗುಂಡು ಹಾರಿದೊಡನೆ ರೈಫಲ್ ಹಿಂದಕ್ಕೆ ಒದೆಯುತ್ತದೆ. ಈ ಮಾದರಿಯಲ್ಲಿ ನಳಿಗೆಯ ಕೆಳಗಿನ ಮರವು ಆ ಪೆಟ್ಟನ್ನು ತನ್ನ ಹಿಂತುದಿಯ ಎರಡು ಕಿರಿದಾದ ಮೈಗಳಲ್ಲಿ ತಾಳಿಕೊಳ್ಳಬೇಕು. ಅಲ್ಲಿ ಮರವೂ ಉಕ್ಕೂ ಬಿಗಿಯಾಗಿ ಕೂಡದಿದ್ದರೆ ಮರ ಜಜ್ಜಿಹೋಗುತ್ತದೆ, ಸೀಳುತ್ತದೆ, ಗುರಿಯೂ ಕೆಡುತ್ತದೆ. ಸ್ಥಳೀಯ ಮರ ನಲುಗದಂತೆ ಲಿಥ್‌ಗೋದ ಕುಶಲಿಗಳು ಆ ಎಡೆಗಳಲ್ಲಿ ತಾಮ್ರದ ತಗಡುಗಳನ್ನು ಕೂರಿಸಿದರು. ಇದೇ ರೈಫಲ್ಲನ್ನು ತಯಾರಿಸುತ್ತಿದ್ದ ಬಂಗಾಳದ ಈಶಾಪುರದಲ್ಲಿಯೂ ಮರ ಸೀಳದಂತೆ ಅಡ್ಡಲಾಗಿ ಒಂದು ತಿರುಪನ್ನು ಹಾಕುವ ಪದ್ಧತಿ ಬಂದಿತು. ಇಂದಿಗೂ ಹಳೆಯ ಲೀ-ಎನ್‌ಫೀಲ್ಡಿಗೆ ಹೊಸ ಮರವನ್ನು ಹೊಂದಿಸುವವನು ಮೊದಲು ಪರೀಕ್ಷಿಸಬೇಕಾದುದು ಈ ಎರಡು ಮೈಗಳನ್ನೇ.

ನಕ್ಷೆ ಇಂಗ್ಲೆಂಡಿನದು, ಯಂತ್ರ ಅಮೆರಿಕದ್ದು. ಇವೆರಡನ್ನೂ ಹಣ ಕೊಟ್ಟು ತರಬಹುದಾಗಿತ್ತು. ತಮ್ಮ ಕಾಡಿನ ಮರ ಎಷ್ಟು ಪೆಟ್ಟನ್ನು ತಾಳೀತೆಂಬ ತಿಳಿವನ್ನು ಮಾತ್ರ ಕೆಲಸಗಾರರೇ ಗಳಿಸಬೇಕಾಯಿತು. ಕೈಗಾರಿಕೆಯ ಸ್ವಾವಲಂಬನೆಯನ್ನು ಅಳೆಯುವಾಗ ನಾವು ಯಂತ್ರಗಳನ್ನು ಎಣಿಸುವುದರೊಡನೆ ಇಂಥ ತಾಮ್ರದ ತಗಡುಗಳನ್ನೂ ಗಮನಿಸಬೇಕು.